ಡೋಲು ಕೇಳಿಸಿದಷ್ಟು ಢಾಕಾ

"ನದಿಯಾಚೆಯವನಿಗೆ ಬಾಕರ್‌ಖಾನಿ ಮಾರ್ತೀನಿ, ಮಗಳನ್ನ ಕೊಡಲ್ಲ. ನೀನು ಢಾಕಾದವನಲ್ಲ ಕಣಯ್ಯ, ಢಾಕಾ ನೋಡೋಕೆ ದಿನಾ ದೋಣೀಲಿ ಬರೋನು."

ಹಳೇ ಢಾಕಾದ ನಾಜಿರಾಬಜಾರಿನ ತಮ್ಮ ರೊಟ್ಟಿ ಅಂಗಡಿಯಲ್ಲಿ ರಜಬ್ ಹಾಜಿ ಈ ಮಾತು ಹೇಳಿದ್ದು ಹತ್ತು ಹನ್ನೆರಡು ಗಿರಾಕಿಗಳ ಎದುರಿಗೆ. ಚಹಾದಲ್ಲಿ ಬಾಕರ್‌ಖಾನಿ ರೊಟ್ಟಿ ಅದ್ದುತ್ತಿದ್ದವರೆಲ್ಲ ನಕ್ಕರು. ಕುದ್ದುಸನ ಕಿವಿ ತಂದೂರಿನ ಗೋಡೆಯಷ್ಟು ಕೆಂಪಾಯಿತು. ಬುಡಿಗಂಗೆ ನದಿಯ ಆಚೆ ದಡದ ಕೇರಾನಿಗಂಜಿನಲ್ಲಿ ಜೀನ್ಸ್ ಹೊಲಿಯುವ ಹುಡುಗ ಅವನು. ಹಾಜಿಯ ಮಗಳು ಶೆಫಾಲಿ ಒಪ್ಪಿದ್ದಳು, ಅವಳ ತಾಯಿಯೂ ಒಪ್ಪಿದ್ದಳು. ಅಡ್ಡ ನಿಂತಿದ್ದುದು ಒಂದು ನದಿ, ಒಬ್ಬ ಹಾಜಿ.

"ಢಾಕಾ ಅನ್ನೋ ಹೆಸರು ಹೆಂಗೆ ಬಂತು, ಗೊತ್ತಾ ನಿಂಗೆ?" ಹಾಜಿ ಬಿಡಲಿಲ್ಲ. "ನಾನೂರು ವರ್ಷದ ಹಿಂದೆ ಮೊಗಲರ ಸುಬೇದಾರ ಬಹಾದ್ದೂರ್ ದೋಣಿಯಿಂದ ದಡಕ್ಕಿಳಿದು, ಢಾಕ್ ಬಾರಿಸ್ರೋ ಅಂದ. ಡೋಲಿನ ಸದ್ದು ಎಲ್ಲೀವರೆಗೆ ಕೇಳಿಸ್ತೋ ಅಲ್ಲೀವರೆಗೆ ಊರು. ಆವತ್ತು ನಮ್ಮ ಹಿರೀಕರು ಆ ಸದ್ದು ಕೇಳಿಸ್ಕೊಂಡು ರೊಟ್ಟಿ ತಟ್ತಿದ್ರು. ನಿಮ್ಮ ದಡದಲ್ಲಿ ಕಪ್ಪೆ ವಟಗುಟ್ತಿತ್ತು."

"ಈಗ ಬಾರಿಸಿದ್ರೂ ನಮ್ಮನೆಗೆ ಕೇಳತ್ತೆ," ಎಂದುಬಿಟ್ಟ ಕುದ್ದುಸ್. ಸಿಟ್ಟಿನ ಬಾಯಿ ಅವನದು, ಬುದ್ಧಿ ಯಾವಾಗಲೂ ಎರಡು ಹೆಜ್ಜೆ ಹಿಂದೆ ಬರುತ್ತಿತ್ತು.

ಪಂತ ಅಂದರೆ ಹಳೇ ಢಾಕಾದವರು ನಿಕಾಹ್ ಮಧ್ಯದಲ್ಲೂ ಎದ್ದು ಬರುವ ಜನ. ಕ್ಷೌರಿಕ ಗೆದು ಮಿಯಾ ಅಂಗಡಿಯಲ್ಲಿ ಒಬ್ಬನ ಅರ್ಧ ಗಡ್ಡ ಬಿಟ್ಟು ಓಡಿ ಬಂದು ಪಂಚನಾಗಿ ನಿಂತ. "ಇವತ್ತೇ ಆಗ್ಲಿ. ಜುಮ್ಮಾ ನಮಾಜ್ ಆದ್ಮೇಲೆ, ಮೂರು ಗಂಟೆಗೆ. ಶಾಂಖಾರಿ ಬಜಾರಿನ ಡೋಲಿನವನು ನಿಬಾರಣ ಇದಾನಲ್ಲ, ಅವನು ಈ ದಡದ ದೋಣಿಗಟ್ಟೇಲಿ ನಿಂತು ಬಾರಿಸ್ಲಿ. ಆದ್ರೆ ಎರಡೂ ಮನೇಲಿ ಕೇಳಿಸ್ಕೋಬೇಕು. ಒಂದು ಕಡೆ ಮಾತ್ರ ಅಂದ್ರೆ ನ್ಯಾಯ ಅಲ್ಲ."

"ಕೇಳಿಸ್ಕೊಳ್ಳಿ. ಇವನ ಮನೆಗೆ ಕೇಳಿಸಿದ್ರೆ ಮಗಳನ್ನ ಕೊಟ್ಟೆ," ಎಂದರು ಹಾಜಿ. "ಆದ್ರೆ ಇವನ ಮನೇಲಿ ನಾನೇ ಕೂತು ಕೇಳ್ತೀನಿ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವನ ಮಾತು ಯಾರು ನಂಬ್ತಾರೆ?"

ಹಾಜಿ ಎಷ್ಟನೇ ಕ್ಲಾಸಿಗೆ ಬಿಟ್ಟಿದ್ದರೋ ಯಾರೂ ಕೇಳಲಿಲ್ಲ. ದೊಡ್ಡವರನ್ನು ಯಾರೂ ಕೇಳುವುದಿಲ್ಲ.

ಮನೆ ತಲುಪಿ ಬಾಗಿಲಲ್ಲಿ ನಿಂತು ಕಿವಿಗೊಟ್ಟಾಗ ಕುದ್ದುಸನಿಗೆ ತನ್ನ ಪಂತದ ಎಡವಟ್ಟು ತಿಳಿಯಿತು. ಬಕ್ರೀದ್ ಹತ್ತಿರ ಬಂದಿದ್ದರಿಂದ ಶುಕ್ರವಾರವೂ ಕೆಲಸ. ಇಡೀ ಓಣಿಯ ಹೊಲಿಗೆ ಯಂತ್ರಗಳು ಕೆಣಕಿದ ಕಣಜಗಳ ಹಾಗೆ ಮೊರೆಯುತ್ತಿದ್ದವು. ಇದರಲ್ಲಿ ಡೋಲಿರಲಿ, ಪಕ್ಕದ ಓಣಿಯಲ್ಲಿ ಪಟಾಕಿ ಹೊಡೆದರೂ ಕೇಳಿಸದು. ಅವನು ಜೊತೆಗೆಲಸದ ಬಾದಲನನ್ನು ಹಿಡಿದ.

"ಹಿತ್ತಲಲ್ಲಿ ನೀಲಿ ಡ್ರಮ್ಮಿದೆಯಲ್ಲ, ಮೂರು ಗಂಟೆಗೆ ಅದನ್ನ ಬಡಿ. ಮೆತ್ತಗೆ, ದೂರದಿಂದ ಬಂದಂಗಿರಬೇಕು."

"ಎಷ್ಟು ದೂರದಿಂದ?"

"ನಾನೂರು ವರ್ಷದಷ್ಟು. ಬಡಿಯಯ್ಯ ಸುಮ್ನೆ."

ಮೂರಕ್ಕೆ ಹತ್ತು ನಿಮಿಷವಿರುವಾಗ ಹಾಜಿ ಕೊಡೆ ಊರಿಕೊಂಡು, ಗೆದು ಮಿಯಾನೊಂದಿಗೆ ಬಂದು, ಕೋಣೆಯಲ್ಲಿದ್ದ ಒಂದೇ ಕುರ್ಚಿಯಲ್ಲಿ ಕೂತರು. ಓಣಿಯವರೆಲ್ಲ ಬಾಗಿಲಿಗೆ ಮುಕುರಿದರು. ಬಾದಲನ ಗಡಿಯಾರ ಐದು ನಿಮಿಷ ಮುಂದಿತ್ತು.

ಢಬ್. ಢಬ್. ಢಬ್.

ಹಾಜಿ ತಮ್ಮ ಗಡಿಯಾರ ನೋಡಿಕೊಂಡರು. ಗೋಡೆ ನೋಡಿದರು. ಮೆಲ್ಲನೆದ್ದು ಹಿತ್ತಲಿಗೆ ಹೋಗಿ ಬಾದಲನ ಕಿವಿ ಹಿಡಿದು ಎಳೆತಂದರು.

"ನೋಡ್ರಪ್ಪಾ, ಇವರ ಸುಬೇದಾರ ಪಾಯಿಖಾನೆ ಹಿಂದೆ ಬಂದಿಳಿದಿದಾನೆ."

ಓಣಿಗೆ ಓಣಿಯೇ ನಕ್ಕಿತು. ಕುದ್ದುಸನ ಕಡೆಯವರೇ ಜೋರಾಗಿ ನಕ್ಕರು. ಹಾಜಿ ಕೊಡೆ ತೆಗೆದುಕೊಂಡರು. "ನಡಿ ಗೆದು. ಮುಗೀತು."

ಅಷ್ಟರಲ್ಲಿ ಕರೆಂಟು ಹೋಯಿತು.

ಓಣಿಯ ಯಂತ್ರಗಳೆಲ್ಲ ಒಟ್ಟಿಗೇ ಉಸಿರು ಬಿಟ್ಟು ನಿಂತವು. ಜನರೇಟರ್ ಇಡುವಷ್ಟು ಗತಿ ಅಲ್ಲಿ ಯಾರಿಗೂ ಇರಲಿಲ್ಲ. ಆ ನಿಶ್ಶಬ್ದದಲ್ಲಿ, ಅಡ್ಡಗೋಡೆಯಿಲ್ಲದ ನೀರಿನ ಮೇಲೆ ಜಾರಿಕೊಂಡು, ನಿಬಾರಣನ ಡೋಲು ನೇರ ಬಾಗಿಲೊಳಗೆ ಬಂತು. ಪಕ್ಕದಲ್ಲೇ ಕೂತು ಬಾರಿಸುತ್ತಿರುವಷ್ಟು ಸ್ಪಷ್ಟ.

ಗೆದು ಮಿಯಾ ಬಾದಲನ ಎರಡೂ ಕೈ ಹಿಡಿದು ಮೇಲೆತ್ತಿದ. ಡೋಲು ನಿಲ್ಲಲಿಲ್ಲ. "ಇದು ಅಸಲಿ, ಹಾಜಿ ಸಾಹೇಬ್ರೆ."

ಹಾಜಿ ಬಾಯಿ ತೆರೆಯುವಷ್ಟರಲ್ಲಿ ಅವರ ಮೊಬೈಲು ಬಡಿದುಕೊಂಡಿತು. ಹೆಂಡತಿ. ಆಚೆಯ ಗದ್ದಲಕ್ಕೆ ಆಕೆ ಕಿರುಚುತ್ತಿದ್ದುದು ಎಲ್ಲರಿಗೂ ಕೇಳಿಸಿತು.

"ಏನ್ರೀ, ಡೋಲು ಶುರು ಮಾಡ್ತೀರೋ ಇಲ್ವೋ? ನಾನೂ ಶೆಫಾಲೀನೂ ತಾರಸಿ ಮೇಲೆ ಬಿಸಿಲಲ್ಲಿ ಒಣಗ್ತಿದೀವಿ."

"ಬಾರಿಸ್ತಾ ಇದಾನಲ್ಲೇ."

"ಎಲ್ಲಿ? ಕರೆಂಟ್ ಹೋಗಿ ಕೆಳಗೆ ಬಿರಿಯಾನಿ ಹೋಟೆಲ್‌ನೋರೆಲ್ಲ ಜನರೇಟರ್ ಹಾಕಿದಾರೆ. ನಿಮ್ಮ ಮಾತೇ ಸರಿಯಾಗಿ ಕೇಳಿಸ್ತಿಲ್ಲ."

"ಸ್ವಲ್ಪ ಗಮನ ಇಟ್ಟು ಕೇಳಿಸ್ಕೊಳ್ಳೇ."

"ಆಗಿಂದ ಅದನ್ನೇ ಮಾಡ್ತಿದೀವಿ. ಏನೂ ಇಲ್ಲ."

ಗೆದು ಮಿಯಾ ಗಂಟಲು ಸರಿಮಾಡಿಕೊಂಡ. ಮೂವತ್ತು ವರ್ಷ ಹಾಜಿಯ ಗಡ್ಡ ಹೆರೆದವನು, ಈಗ ತೀರ್ಪು ಕೊಡುವ ಸರದಿ. "ನೀವು ಹೇಳಿದ ಲೆಕ್ಕದಲ್ಲೇ, ಸಾಹೇಬ್ರೆ, ಇದು ಢಾಕಾ. ನಿಮ್ಮ ಮನೆ ಊರಾಚೆ."

ಹಾಜಿಯ ಮುಖ ಚಹಾದಲ್ಲಿ ಅದ್ದಿದ ರೊಟ್ಟಿಯಂತೆ ಮೆತ್ತಗಾಯಿತು. "ಮಾತು ಮಾತೇ. ಶೆಫಾಲೀನ ಕೊಟ್ಟೆ," ಎಂದರು.

ಕುದ್ದುಸನ ಎದೆಯ ಮೇಲಿಂದ ಜೀನ್ಸಿನ ನೂರು ಮೂಟೆ ಇಳಿದಂತಾಯಿತು. ನಗು ತಾನಾಗಿ ಬಂತು.

ಹಾಜಿ ಮತ್ತೆ ಕುರ್ಚಿಯಲ್ಲಿ ಕೂತರು. ಈ ಸಲ ಚಪ್ಪಲಿ ಬಿಟ್ಟು, ಕಾಲು ಮೇಲಿಟ್ಟುಕೊಂಡು.

"ನಮ್ಮ ವಂಶದಲ್ಲಿ ಯಾರೂ ಢಾಕಾದ ಹೊರಗೆ ಬಾಳಿದ್ದಿಲ್ಲ," ಎಂದರು ಕೋಣೆಯ ಅಳತೆ ನೋಡುತ್ತ. "ನಾನೂ ಬಾಳಲ್ಲ. ಆ ಮೂಲೇಲಿ ತಂದೂರು ಹಾಕಿದ್ರಾಯ್ತು. ಕಿಟಕಿ ಹತ್ರ ನನ್ನ ಮಂಚ. ನೀವು ಹುಡುಗರು, ಎಲ್ಲಾದ್ರೂ ಮಲಗ್ತೀರಿ."

ಕುದ್ದುಸನ ನಗು ಇದ್ದಲ್ಲೇ ಒಣಗಿತು.

"ನೋಡ್ರಪ್ಪಾ," ಹಾಜಿ ಓಣಿಯವರ ಕಡೆ ತಿರುಗಿದರು. "ಹೇಗೆ ಕಂಬದ ಥರ ನಿಂತಿದಾನೆ. ಹಿರಿಯರು ಮನೆಗೆ ಬಂದ್ರೆ ಒಂದು ಕಪ್ ಚಹಾ ಕೊಡೋದೂ ಗೊತ್ತಿಲ್ಲ. ಢಾಕಾದೋನಂತೆ. ಲೋ, ನಿಂತೇ ಇದೀಯಲ್ಲ, ದೋಣಿ ಹತ್ತಿ ಹೋಗಿ ನನ್ನ ಹಾಸಿಗೆ ತಗೊಂಬಾ."

ಓಣಿಯವರು ಮತ್ತೆ ನಕ್ಕರು. ಕುದ್ದುಸನ ನಾಲಿಗೆ ತುದಿಗೆ ಏಳೆಂಟು ಉತ್ತರ ಬಂದವು, ಎಲ್ಲವೂ ಖಾರ. ಶೆಫಾಲಿ ಇನ್ನೂ ತಾರಸಿಯ ಮೇಲೆ ಬಿಸಿಲಲ್ಲಿ ನಿಂತಿದ್ದಾಳೆಂಬುದು ನೆನಪಾಯಿತು.

ಅವನು ತಿರುಗಿ ದೋಣಿಯ ಕಡೆ ನಡೆದ. ಆಚೆ ದಡದಲ್ಲಿ ಡೋಲು ಇನ್ನೂ ಮೊಳಗುತ್ತಲೇ ಇತ್ತು. ಸಾಕು ಎಂದು ನಿಬಾರಣನಿಗೆ ಯಾರೂ ಹೇಳಿರಲಿಲ್ಲ.