ಏಳು ಗೇಣಿನ ಬಂಪರ್ ಗಾರ್ಡು

ಅಮೋಘಸಿದ್ದಪ್ಪನನ್ನು ಮೊದಲು ಕಂಡ ದಿನ ನಾನು ಓಡುತ್ತಿದ್ದೆ. ಚಚಡಿಯ ಶಾಲೆಗೆ ಹೊಸದಾಗಿ ವರ್ಗವಾಗಿತ್ತು. ಇಸ್ತ್ರಿ ಮಾಡಿದ ಅಂಗಿ, ಬಗಲಲ್ಲಿ ಕೊಡೆ, ಕೈಯಲ್ಲಿ ಬುತ್ತಿಯ ಗಂಟು ಹಿಡಿದು ಬೈಲಹೊಂಗಲದ ನಿಲ್ದಾಣಕ್ಕೆ ಬಂದರೆ, ಚಚಡಿಯ ಮೇಲೆ ಹೋಗುವ ಬಸ್ಸು ಆಗಲೇ ಹೊರಟಿತ್ತು. ಕೊಡೆ ಬೀಸಿದೆ. ಬಸ್ಸು ನಿಂತಿತು, ಆದರೆ ಬಹಳ ಮುಂದೆ ಹೋಗಿ ನಿಂತಿತು. ಏದುಸಿರು ಬಿಡುತ್ತ ಹತ್ತಿದಾಗ ಚಾಲಕ ಅಮೋಘಸಿದ್ದಪ್ಪ ಕನ್ನಡಿಯಲ್ಲಿ ನನ್ನನ್ನು ನೋಡಿ, "ಓಟ ಚಲೋ ಐತ್ರಿ ಮಾಸ್ತರ. ಸಾಲ್ಯಾಗ ಹುಡುಗರಿಗೂ ಕಲಸ್ರಿ" ಎಂದ.

ತಕ್ಕ ಉತ್ತರ ಕೊಡಬೇಕೆಂದು ಬಾಯಿ ತೆರೆದೆ. ಅವನ ತಲೆಯ ಮೇಲಿನ ಫಲಕದಲ್ಲಿ 'ಚಾಲಕರೊಡನೆ ಮಾತನಾಡಬೇಡಿರಿ' ಎಂದು ಬರೆದಿತ್ತು. ನಾನು ಮಾಸ್ತರ. ಬರೆದದ್ದನ್ನು ಪಾಲಿಸುವವನು. ಬಾಯಿ ಮುಚ್ಚಿಕೊಂಡೆ.

ಹಾಗೆ ಮುಚ್ಚಿದ ಬಾಯಿಯನ್ನು, ನೀವು ನಂಬಿರಿ ಬಿಡಿರಿ, ನಾನು ಚಚಡಿಯಲ್ಲಿದ್ದ ಅಷ್ಟೂ ವರ್ಷ ತೆರೆಯಲಿಲ್ಲ. ದಿನವೂ ಅವನ ಬೆನ್ನ ಹಿಂದಿನ ಆಸನದಲ್ಲೇ ಕೂಡುತ್ತಿದ್ದೆ. ಕನ್ನಡಿಯಲ್ಲಿ ಅವನ ಎರಡು ಕಣ್ಣು ಕಾಣುತ್ತಿದ್ದವು. ಅವನಿಗೆ ನನ್ನ ಎರಡು ಕಣ್ಣು ಕಾಣುತ್ತಿದ್ದವು. ನಾನು ಬರದ ದಿನ ಬಸ್ಸನ್ನು ಒಂದು ಗಳಿಗೆ ನಿಲ್ಲಿಸಿ ಕಾಯುತ್ತಿದ್ದನಂತೆ. ಇದು ಸ್ನೇಹವಲ್ಲದೆ ಮತ್ತೇನು? ಬರಹದಲ್ಲಿ ಅವನನ್ನು ಏಕವಚನದಲ್ಲಿ ಕರೆಯುತ್ತಿರುವುದೂ ಆ ಸಲುಗೆಯಿಂದಲೇ. ಎದುರಿಗೆ ಮಾತ್ರ ನಾವಿಬ್ಬರೂ 'ರಿ' ಬಿಟ್ಟು ಮಾತಾಡಿದವರಲ್ಲ.

ಇಬ್ಬರೂ ನಿವೃತ್ತರಾದೆವು. ಅವನು ಸಂಗೊಳ್ಳಿಯ ತನ್ನ ಹೊಲ-ಮನೆಗೆ ಹೋದ. ನಾನು ಬೈಲಹೊಂಗಲದಲ್ಲೇ ಉಳಿದೆ. ಕಳೆದ ವರ್ಷದ ಹಿಂದಿನ ವರ್ಷ ನನ್ನ ಹೆಂಡತಿ ನರ್ಮದಾ ತೀರಿಕೊಂಡಳು. ಆಮೇಲೆ ಮನೆಯಲ್ಲಿ ಮಾತು ನಿಂತಿತು. ಒಂದು ಹೊತ್ತು ಮಾಡಿದ ಅನ್ನವೇ ಎರಡು ಹೊತ್ತಿಗಾಗುತ್ತಿತ್ತು. ಕೆಲವು ದಿನ ಅದೂ ಬೇಡವೆನಿಸುತ್ತಿತ್ತು. ನನ್ನ ದನಿ ನನಗೇ ಮರೆತುಹೋದೀತೆಂದು ಸಂಜೆ ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದೆ, ಅದರ ಕಾಗುಣಿತದ ತಪ್ಪುಗಳಿಗೆ ಬೈಯುತ್ತಿದ್ದೆ. ಪತ್ರಿಕೆ ತಿರುಗಿ ಬೈಯುತ್ತಿರಲಿಲ್ಲ. ನರ್ಮದಾ ಆಗಿದ್ದರೆ ಬಿಡುತ್ತಿದ್ದಳೆ?

ಹೀಗಿರುವಾಗ ಒಂದು ಮುಂಜಾನೆ ಬಾಗಿಲಲ್ಲಿ ಹಾರ್ನ್ ಕೂಗಿತು. ಹಳೆಯ ಜೀಪು, ನಾಲ್ಕೂ ಗಾಲಿ ಎಳೆಯುವಂಥದು. ಚುಕ್ಕಾಣಿಯ ಹಿಂದೆ ಅಮೋಘಸಿದ್ದಪ್ಪ! ಹಸಿ ಎರೆಮಣ್ಣಿನಲ್ಲಿ ಹೊಲಕ್ಕೆ ಹೋಗಲು ಇದೇ ಬೇಕೆಂದು ಕೊಂಡನಂತೆ. "ಎಲ್ಲಾ ಚಲೋ ಐತ್ರಿ ಮಾಸ್ತರ, ಮುಂದಿನ ಮಾರಿ ಮಾತ್ರ ಬರಿದೈತಿ. ಒಂದು ಬಂಪರ್ ಗಾರ್ಡ್ ಹಾಕಸಬೇಕು. ದನ ಅಡ್ಡ ಬರತಾವು, ಕಬ್ಬಿನ ಟ್ರೇಲರ್ ಹಿಂದಕ್ಕ ಸರೀತಾವು. ನನಗ ಆರಸಾಕ ಬರೂದಿಲ್ಲ. ಕಲತವ್ರು ಜೋಡಿ ಬರ್ರಿ" ಎಂದ.

ಕಲಿತವರು! ಆ ಒಂದು ಮಾತಿಗೆ ನಾನು ಚಪ್ಪಲಿ ಮೆಟ್ಟಿದೆ. ಪಾಪ, ಜನ್ಮವೆಲ್ಲ ಬಸ್ಸು ಓಡಿಸಿದವನು, ನಿರ್ಧಾರ ಮಾಡಲು ಬಾರದು, ನನ್ನಂಥವನ ಆಸರೆ ಬೇಕು, ಇಷ್ಟಾದರೂ ಉಪಕಾರ ಮಾಡೋಣ ಎಂದುಕೊಂಡು ಮಹಾರಾಜನ ಹಾಗೆ ಅವನ ಪಕ್ಕದಲ್ಲಿ ಕುಳಿತೆ. ಇಷ್ಟು ವರ್ಷಗಳಲ್ಲಿ ಅವನ ಇಡೀ ಮುಖವನ್ನು ಕನ್ನಡಿಯಿಲ್ಲದೆ ನೋಡಿದ್ದು ಅಂದೇ. ಜೀಪಿನಲ್ಲಿ ಯಾವ ಫಲಕವೂ ಇರಲಿಲ್ಲ. ಮಾತಾಡಿದೆವು. ಊರ ಪೇಟೆ ಮುಟ್ಟುವಷ್ಟರಲ್ಲಿ ನನ್ನ ಗಂಟಲು ನೋಯುತ್ತಿತ್ತು.

ಅಲ್ಲಿಂದ ಶುರುವಾಯಿತು ನಮ್ಮ ದಂಡಯಾತ್ರೆ. ಬೈಲಹೊಂಗಲದಲ್ಲಿ ಟ್ರೇಲರ್ ಕಟ್ಟುವವನೊಬ್ಬ ಗಟ್ಟಿ ಪೈಪಿನ ಗಾರ್ಡು ತೋರಿಸಿದ. ಅಮೋಘಸಿದ್ದಪ್ಪ ಅದನ್ನು ಗಡಿಗೆ ಬಡಿದು ನೋಡುವ ಹಾಗೆ ಬೆರಳ ಗೆಣ್ಣಿನಿಂದ ಬಡಿದು, ಕಿವಿಗೊಟ್ಟು ಕೇಳಿ, ತಲೆಯಾಡಿಸಿದ. ಇದನ್ನು ಹಚ್ಚಿದರೆ ಜೀಪು ಊರಿನ ಮೇಲೆ ಸಿಟ್ಟಿಗೆದ್ದ ಹಾಗೆ ಕಾಣುತ್ತದಂತೆ. ಕಿತ್ತೂರಿನಲ್ಲಿ ಥಳಥಳ ಹೊಳೆಯುವ ಸ್ಟೀಲಿನದು ಸಿಕ್ಕಿತು. "ಇದರಾಗ ದನ ತಮ್ಮ ಮಾರಿ ನೋಡಿಕೊಂತ ನಿಂದರತಾವ್ರಿ, ಹಾದಿ ಬಿಡೂದಿಲ್ಲ" ಎಂದ. ಸವದತ್ತಿಯ ಹಳೆಯ ಸಾಮಾನಿನ ಅಂಗಡಿಯಲ್ಲಿ ಲಾರಿಯದೊಂದಿತ್ತು. ಅದನ್ನು ಹೊತ್ತರೆ ಜೀಪು ಮೂಗಿನ ಮೇಲೆ ಮುಗ್ಗರಿಸೀತೆಂದ. ಮತ್ತೊಬ್ಬ ಅಂಗಡಿಯವನು, ಡಾಂಬರು ರಸ್ತೆಯಲ್ಲಿ ಇಂಥ ಗಾರ್ಡು ಕಂಡರೆ ಪೊಲೀಸರು ದಂಡ ಹಾಕುತ್ತಾರೆ ಎಂದು ಹೇಳಿದ ಮೇಲೆ, ಬೋಲ್ಟು ಬಿಚ್ಚಿ ಹೊಲದಲ್ಲಷ್ಟೇ ಹಾಕಿಕೊಳ್ಳುವಂಥದು ಬೇಕೆಂದು ಹೊಸ ತಕರಾರು ಹುಟ್ಟಿಸಿಕೊಂಡು ನೋಡಿದ ಊರುಗಳನ್ನೇ ಮತ್ತೆ ನೋಡಿದ.

ಹೋದಲ್ಲೆಲ್ಲ ಮೊದಲು ಊಟ. ಅದು ಅವನ ಕಟ್ಟಳೆ. "ಹಸದ ಹೊಟ್ಟ್ಯಾಗ ಕಬ್ಬಿಣ ಆರಸಬಾರದ್ರಿ, ಮಾಸ್ತರ" ಎಂದು ಖಾನಾವಳಿಗೆ ಎಳೆದೊಯ್ಯುತ್ತಿದ್ದ. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ನಾನು ಎರಡನೆಯ ರೊಟ್ಟಿಗೆ ಕೈ ಹಾಕುವವರೆಗೂ ಅವನು ಏಳುತ್ತಿರಲಿಲ್ಲ. ಕಬ್ಬಿಣಕ್ಕೂ ರೊಟ್ಟಿಗೂ ಏನು ಸಂಬಂಧವೆಂದು ನಾನು ಕೇಳಲಿಲ್ಲ. ಕೇಳಬೇಕಿತ್ತು.

ಮುಂಗಾರು ಹೋಗಿ ಹಿಂಗಾರು ಬಂತು. ಜೀಪಿನ ಮುಖ ಬರಿದಾಗಿಯೇ ಇತ್ತು. ಒಂದು ದಿನ ನನ್ನೊಳಗಿನ ಮುಖ್ಯಾಧ್ಯಾಪಕ ಎದ್ದು ನಿಂತ. ಒಂದು ಕಬ್ಬಿಣದ ಕೊಳವೆಯನ್ನು ಆರಿಸಲು ಮನುಷ್ಯನಿಗೆ ಎಷ್ಟು ಕಾಲ ಬೇಕು? ಈ ಗೆಳೆಯನ ಸಂದಿಗ್ಧವನ್ನು ನಾನೇ ಬಗೆಹರಿಸುತ್ತೇನೆ! ಗಾರ್ಡು ಮಾಡಿಸಿ ಅವನ ಅಂಗಳದಲ್ಲಿ ಇಳಿಸಿ ಬೆರಗುಗೊಳಿಸುತ್ತೇನೆ! ನಾವು ಇನ್ನೂ ನೋಡದೆ ಉಳಿದಿದ್ದ ಊರೆಂದರೆ ರಾಮದುರ್ಗ. ಅಲ್ಲಿ ನನ್ನ ಹಳೆಯ ವಿದ್ಯಾರ್ಥಿ ಬಾಳೇಶ ವೆಲ್ಡಿಂಗ್ ಅಂಗಡಿ ಇಟ್ಟಿದ್ದ. ಮೂರನೆಯ ಇಯತ್ತೆಯ ಬಾಳೇಶ ನನ್ನ ಕಣ್ಣಿಗೆ ಕಟ್ಟಿದಂತಿದ್ದ. ಮುಂದಿನ ಸಾಲು, ಸಣ್ಣ ದೇಹ, ದೊಡ್ಡ ಚಡ್ಡಿ.

ಆದರೆ ಅಳತೆ? ಗುಟ್ಟು ಬಯಲಾಗಬಾರದು. ಮರುದಿನ ಜೀಪು ನನ್ನ ಬಾಗಿಲಿಗೆ ಬಂದಾಗ, ಅಮೋಘಸಿದ್ದಪ್ಪ ಒಳಗೆ ನೀರು ಕುಡಿಯುತ್ತಿದ್ದ ಹೊತ್ತಿನಲ್ಲಿ ನಾನು ಹೊರಗೆ ಬಂದು ಜೀಪಿನ ಮುಂದೆ ಬಗ್ಗಿ ಗೇಣು ಹಾಕಿದೆ. ಸರಿಯಾಗಿ ಏಳು ಗೇಣು. ಬಂಪರಿನಲ್ಲಿ ನಾಲ್ಕು ಬೋಲ್ಟಿನ ತೂತುಗಳು ಖಾಲಿ ಇದ್ದುದನ್ನೂ ಕಂಡೆ. ಕಂಡೆ, ಅಷ್ಟೇ. ಯೋಚಿಸಲಿಲ್ಲ.

ಸಂಜೆ ಬಾಳೇಶನಿಗೆ ಫೋನು ಮಾಡಿದೆ. "ಅಗಲ ಎಷ್ಟ್ರಿ ಸರ?" ಎಂದು ಕೇಳಿದ.

"ಏಳು ಗೇಣು ಅದ ನೋಡಪಾ."

"ಗೇಣು ಅಂದ್ರ... ಗೇಣ ಏನ್ರಿ ಸರ?"

"ಗೇಣು ಅಂದ್ರ ಗೇಣು" ಎಂದೆ, ಹಲಗೆಯ ಮುಂದೆ ನಿಂತವನ ದನಿಯಲ್ಲಿ. ಆ ದನಿಗೆ ಎದುರು ಪ್ರಶ್ನೆ ಕೇಳುವುದನ್ನು ನಾನು ಅವನಿಗೆ ಕಲಿಸಿರಲಿಲ್ಲ.

ಇಲ್ಲೊಂದು ಮಾತು ಹೇಳಲೇಬೇಕು. ಪ್ರತಿ ವರ್ಷ ಅಳತೆಯ ಪಾಠಕ್ಕೆ ನಾನು ಮಕ್ಕಳಿಂದ ಬೆಂಚನ್ನು ಗೇಣಿನಿಂದ ಅಳೆಸುತ್ತಿದ್ದೆ. ಒಬ್ಬೊಬ್ಬನದು ಒಂದೊಂದು ಉತ್ತರ. ಬಾಳೇಶನ ವರ್ಗದಲ್ಲಿ ಅವನ ಲೆಕ್ಕವೇ ಎಲ್ಲರಿಗಿಂತ ಹೆಚ್ಚು ಬಂದಿತ್ತು, ಕೈ ಅಷ್ಟು ಚಿಕ್ಕದು. "ನೋಡಿರಿ ಮಕ್ಕಳೆ, ಗೇಣನ್ನು ನಂಬಬೇಡಿರಿ, ಅದಕ್ಕಾಗಿಯೇ ಮೀಟರು ಹುಟ್ಟಿತು" ಎಂದು ಸಾರಿದ ಮಹಾಪಂಡಿತನೇ ನಾನು.

ವಾರದೊಳಗೆ ಬಾಗಿಲಲ್ಲಿ ಟೆಂಪೋ ನಿಂತಿತು. ಅದರಿಂದ ಒಬ್ಬ ಪೈಲ್ವಾನ ಇಳಿದ. ಆನೆಯ ಕಿವಿಯಷ್ಟಗಲದ ಎರಡು ಅಂಗೈ ಚಾಚಿ ನನ್ನ ಕಾಲು ಮುಟ್ಟಿದ. ನನ್ನ ಎರಡೂ ಪಾದ ಒಂದೇ ಕೈಯಲ್ಲಿ ಅಡಗಿದವು. "ಬಾಳೇಶ್ ರೀ, ಸರ" ಎಂದ.

ಆ ಕೈ ನೋಡಿದಾಗಲೇ ನನ್ನ ಅಳತೆಯ ಪಾಠ ನನಗೆ ನೆನಪಾಯಿತು. ಟೆಂಪೋದಲ್ಲಿ ಅಡ್ಡಲಾಗಿ ಹಿಡಿಸದೆ ಕರ್ಣರೇಖೆಯಲ್ಲಿ ಮಲಗಿತ್ತು ನನ್ನ ಕಾಣಿಕೆ. ಅದು ಗಾರ್ಡಲ್ಲ, ಕೋಟೆಯ ಬಾಗಿಲು. ಪಕ್ಕದ ಮನೆಯ ಬಾಯವ್ವ ಕಟ್ಟೆಯ ಮೇಲೆ ನಿಂತು, ಮಾಸ್ತರರು ಈ ವಯಸ್ಸಿನಲ್ಲಿ ಎಮ್ಮೆ ಕಟ್ಟುತ್ತಾರೇನು ಎಂದು ವಿಚಾರಿಸಿದಳು.

"ನೀವು ಹೇಳಿದಂಗ ಏಳು ಗೇಣ್ರಿ ಸರ. ಒಂದು ಬೆರಳ ಹೆಚ್ಚಿಲ್ಲ, ಒಂದು ಬೆರಳ ಕಡಿಮಿಲ್ಲ" ಎಂದು ಬಾಳೇಶ ಹೆಮ್ಮೆಯಿಂದ ಗೇಣು ಹಾಕಿಯೇ ತೋರಿಸಿದ. ಅಂಥ ಶಿಷ್ಯನಿಗೆ ತಪ್ಪು ನನ್ನದೆಂದು ಹೇಗೆ ಹೇಳಲಿ? ಅವನ ಜತೆ ಟೆಂಪೋ ಹತ್ತಿ ಸಂಗೊಳ್ಳಿಗೆ ಹೊರಟೆ.

ಅಮೋಘಸಿದ್ದಪ್ಪನ ಅಂಗಳ ಮುಟ್ಟುವ ಮೊದಲು, ಟೆಂಪೋದಿಂದ ಇಳಿಸಿ ಅಡ್ಡಡ್ಡ ಹೊತ್ತ ಗಾರ್ಡು ಓಣಿಯ ಬಾಯಲ್ಲಿ ಸಿಕ್ಕಿಕೊಂಡಿತು. ಒಂದು ತುದಿ ಗೋಡೆಗೆ, ಇನ್ನೊಂದು ಮೇವಿನ ಬಣವಿಗೆ. ಅರ್ಧ ಊರು ಕೂಡಿ ಎಳೆದು ಬಿಡಿಸಿತು, ಬಣವಿಯ ಒಂದು ಪಾಲು ಜತೆಗೇ ಬಂತು. ಅಮೋಘಸಿದ್ದಪ್ಪ ಜೀಪು ಒರೆಸುತ್ತಿದ್ದವನು ಬಟ್ಟೆ ಹಿಡಿದು ನಿಂತುಬಿಟ್ಟ. ಬೆರಗಾಗುತ್ತಾನೆ ಎಂದುಕೊಂಡಿದ್ದೆ. ಅವನ ಮುಖ ಇಳಿಯಿತು. ಗಾರ್ಡಿನ ಅಗಲವನ್ನು ಅವನು ನೋಡಲೇ ಇಲ್ಲ, ನನ್ನನ್ನು ನೋಡಿದ.

"ಯಾಕ್ರಿ ಮಾಸ್ತರ" ಎಂದ ಮೆಲ್ಲಗೆ, "ನಾವು ಇನ್ನಾ ರಾಮದುರ್ಗ ನೋಡೂದಿತ್ತಲ್ಲ."

"ಇದ ರಾಮದುರ್ಗದ್ದರೀ. ನಿಮಗ ತ್ರಾಸ ಆಗಬಾರದು ಅಂತ ಮುಗಿಸಿಬಿಟ್ಟೆ" ಎಂದೆ. ಮುಗಿಸಿಬಿಟ್ಟೆ! ನಾಳೆ ಮುಂಜಾನೆ ಹಾರ್ನ್ ಕೂಗುವ ಕಾರಣವಿಲ್ಲ ಎಂಬುದು ಆಗ ಹೊಳೆಯಿತು. ಇಷ್ಟು ಕಲಿತವನಿಗೆ ಇಷ್ಟು ತಡವಾಗಿ!

ಬಾಳೇಶ ಬಗ್ಗಿ, ಈ ತೂತುಗಳು ಯಾವುದೋ ಹಳೆಯ ಗಾರ್ಡಿನವು ಎಂದ. ಅಮೋಘಸಿದ್ದಪ್ಪನಿಗೆ ಏಕಾಏಕಿ ಕೆಮ್ಮು ಬಂತು. ಬಾಳೇಶ ಹೊಸ ಪಟ್ಟಿ ಬಿಗಿದು ಗಾರ್ಡು ಕೂಡಿಸಿದ. ಎರಡೂ ಕಡೆ ಒಂದೊಂದು ಗೇಣು ಹೊರಗೆ. ಎತ್ತಿನ ಕೋಡು ಹಚ್ಚಿಕೊಂಡ ಕರುವಿನಂತೆ ಜೀಪು ತಲೆ ತಗ್ಗಿಸಿ ನಿಂತಿತು. ಮಾಸ್ತರರ ಮನಸ್ಸು ನೋಯಬಾರದೆಂದು ಅಮೋಘಸಿದ್ದಪ್ಪ, ಚಲೋ ಐತಿ, ಒಂದು ಸುತ್ತು ಹಾಕೋಣವೆಂದು ಹತ್ತಿದ. ನಾನೂ ಹತ್ತಿದೆ. ಜನ್ಮದಲ್ಲಿ ಒಂದು ಬಸ್ಸನ್ನೂ ಎಲ್ಲಿಗೂ ತಾಗಿಸದ ಆ ಚಾಲಕ ಜೀಪನ್ನು ತಿರುಗಿಸಿದ. ಬಲಗಡೆಯ ಕೋಡು ದನದ ಮನೆಯ ತಗಡಿನ ಗೋಡೆಗೆ ಸಿಕ್ಕಿತು. ಇಡೀ ಗೋಡೆ ಧಡಧಡನೆ ಮಲಗಿತು.

ಧೂಳು ಇಳಿಯಿತು. ಒಳಗೊಂದು ಕರು ಮೆಲುಕು ಹಾಕುತ್ತ ನಮ್ಮನ್ನು ನೋಡುತ್ತಿತ್ತು. ಅದನ್ನು ಕಟ್ಟಿದ್ದು ಗೂಟಕ್ಕಲ್ಲ. ಕರಿ ಬಣ್ಣದ, ಅಂದವಾದ, ಜೀಪಿನ ಮಾರಿಗೆ ಅಳೆದು ಮಾಡಿದ ಒಂದು ಬಂಪರ್ ಗಾರ್ಡಿಗೆ. ಅದರಲ್ಲಿ ನಾಲ್ಕು ತೂತು.

ಅಮೋಘಸಿದ್ದಪ್ಪ ಚುಕ್ಕಾಣಿಯನ್ನೇ ನೋಡುತ್ತ, "ಅದು... ಕರಾ ಕಟ್ಟಾಕ ಬೇಕಾಗಿತ್ತ್ರಿ" ಎಂದ.

ಅವನ ಹೆಂಡತಿ ತಂಗೆವ್ವ ರೊಟ್ಟಿಯ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. "ಬಿದ್ದದ್ದ ಚಲೋ ಆತು. ಸುಳ್ಳು ಎಷ್ಟ ದಿನ ತಗಡಿನ ಹಿಂದ ಇರತೈತಿ?" ಎಂದು ಗಂಡನನ್ನು ತಿವಿದು ನನ್ನ ಕಡೆ ತಿರುಗಿದಳು. "ಜೀಪಿನ ಜೋಡಿನ ಬಂದದ್ದರೀ ಅದು. ನಿಮ್ಮ ಮನಿ ಅಕ್ಕಾರು ಹ್ವಾದ ಮ್ಯಾಲ ಮಾಸ್ತರ ಹೊರಗ ಬರವಲ್ರು, ಉಣ್ಣವಲ್ರು ಅಂತ ಕೇಳಿದ್ರು ಇವರು. ಸುಮ್ಮ ಕರದ್ರ ಬರೂದಿಲ್ಲ, ಕೆಲಸ ಐತಿ ಅಂದ್ರ ಬರತಾರ ಅಂತ ಅವತ್ತ ಬಿಚ್ಚಿ ಇಟ್ಟಾರ. ದಿನಾ ಬಂದು ನನಗ ಹೇಳೂದೊಂದ: ಇವತ್ತ ಎರಡು ರೊಟ್ಟಿ ಉಂಡ್ರು, ಇವತ್ತ ಎರಡೂವರಿ ಉಂಡ್ರು."

ಉಪಕಾರ ಮಾಡಲು ಹೊರಟ ಮಹಾರಾಜ ಜೀಪಿನಿಂದ ಇಳಿಯಲೇ ಇಲ್ಲ. ಪಕ್ಕದವನ ಕಡೆ ತಿರುಗುವ ಧೈರ್ಯವಾಗಲಿಲ್ಲ. ತಲೆ ಎತ್ತಿದರೆ ಕನ್ನಡಿಯಲ್ಲಿ ಅದೇ ಎರಡು ಕಣ್ಣು ನನ್ನನ್ನು ನೋಡುತ್ತಿದ್ದವು. ಹಳೆಯ ರೂಢಿ.

ಗೇಣಿನ ಕತೆಯನ್ನು ಅಮೋಘಸಿದ್ದಪ್ಪನಿಗೆ ಹೇಳಿ ನಗಿಸಿದ್ದಾಗಿದೆ. ಬಾಳೇಶನ ಗಾರ್ಡು ಈಗ ನನ್ನ ಹಿತ್ತಲಲ್ಲಿ ನಿಂತಿದೆ. ಅದರ ಮೇಲೆ ಹೀರೆಬಳ್ಳಿ ಹಬ್ಬಿದೆ. ಏಳು ಗೇಣಿನ ತುಂಬ ಕಾಯಿ. ಒಬ್ಬನಿಗೆ ಮುಗಿಯುವುದಿಲ್ಲ, ತಂಗೆವ್ವನಿಗೂ ಬಾಯವ್ವನಿಗೂ ಹೋಗುತ್ತವೆ. ಕರು ದೊಡ್ಡದಾಗಿದೆ, ಇನ್ನೂ ಹಳೆಯ ಗಾರ್ಡಿಗೇ ಕಟ್ಟಿಸಿಕೊಳ್ಳುತ್ತದೆ. ಅದನ್ನು ಬಿಚ್ಚಿ ಜೀಪಿಗೆ ಹಚ್ಚೋಣವೆಂದು ನಾನೂ ಹೇಳಿಲ್ಲ, ಅವನೂ ಹೇಳಿಲ್ಲ.

ಇತ್ತೀಚೆಗೆ ಅಮೋಘಸಿದ್ದಪ್ಪ ಏನು ಮಾಡುತ್ತಿದ್ದಾನೆ ಎಂದು ಕೇಳುವಿರಾದರೆ, ಜೀಪಿಗೆ ಬಂಪರ್ ಗಾರ್ಡು ಹುಡುಕುತ್ತಿದ್ದಾನೆ. ಈಗ ತಕರಾರು ತೆಗೆಯುವ ಸರದಿ ನನ್ನದು. ಕಿತ್ತೂರಿನದರ ಬೆಸುಗೆ ಸರಿಯಿಲ್ಲ ಎನ್ನುತ್ತೇನೆ, ಸವದತ್ತಿಯದರ ಬಣ್ಣ ಒಪ್ಪುವುದಿಲ್ಲ ಎನ್ನುತ್ತೇನೆ. ಅವನು ಗಂಭೀರನಾಗಿ ತಲೆಯಾಡಿಸಿ ಖಾನಾವಳಿಯ ಕಡೆ ಚುಕ್ಕಾಣಿ ತಿರುಗಿಸುತ್ತಾನೆ. ಇಂದು ರಾಮದುರ್ಗ. ಇದನ್ನು ಬರೆಯುತ್ತಿರುವಾಗಲೇ ಬಾಗಿಲಲ್ಲಿ ಹಾರ್ನ್ ಕೂಗಿತು. ಕಿಸೆಯಲ್ಲಿ ಅಳತೆಯ ಟೇಪು ಹಾಕಿಕೊಂಡು ಕಿಟಕಿಯಿಂದ ತೋರಿಸಿದೆ.

"ಟೇಪ್ ಮನ್ಯಾಗ ಬಿಡ್ರಿ, ಮಾಸ್ತರ" ಎಂದು ಕೂಗಿದ. "ನಿಮ್ಮ ಗೇಣು ತರ್ರಿ ಸಾಕು."