ಮದುಮಗನ ಕೆಳಗಿನ ಕುದುರೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ತಾಲೂಕಿನಲ್ಲಿ ನಮ್ಮ ಅತ್ತೆಯಷ್ಟು ಮದುವೆ ಆಲ್ಬಮ್ ನೋಡಿದವರು ಇನ್ನೊಬ್ಬರಿದ್ದರೆ ನನಗೆ ತೋರಿಸಿ! ಆದರೆ ಆ ಆಲ್ಬಮ್ಮುಗಳ ಒಬ್ಬ ಮದುಮಗ ಎದುರು ಬಂದರೂ ಅವಳು ಗುರುತು ಹಿಡಿಯಲಾರಳು. ಅವನು ಕೂತಿದ್ದ ಕುದುರೆಯನ್ನು ತಂದು ನಿಲ್ಲಿಸಿದರೆ, ಯಾವ ಊರು, ಯಾವ ಓಣಿ, ಹಲಗೆ ಬಾರಿಸಿದ್ದರೋ ಬ್ಯಾಂಡು ಬಾರಿಸಿದ್ದರೋ, ಎಲ್ಲ ಹೇಳುತ್ತಾಳೆ.

ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ಸಾಲೋಟಗಿಯಲ್ಲಿ ಲಿಂಬೆ ತೋಟ, ಒಂದು ದನದ ಕೊಟ್ಟಿಗೆ, ಮತ್ತು ಮಾಮಾ. ಮಾಮಾ ಮಾತು ಕಡಿಮೆ. ಅತ್ತೆಯ ಧ್ವನಿ ತೋಟದ ಈ ಬದುವಿನಿಂದ ಆ ಬದುವಿಗೆ ಫೋನಿಲ್ಲದೆ ಮುಟ್ಟುತ್ತದೆ. ಇಂಥವಳಿಗೆ ಕುದುರೆ ಎಲ್ಲಿಂದ ಬಂತು? ಮಾಮಾ ಕಳಿಸಿದ್ದು ಎಮ್ಮೆ ತರಲು! ಎಮ್ಮೆಯ ದುಡ್ಡು ಸೆರಗಿನಲ್ಲಿ ಕಟ್ಟಿಕೊಂಡು, ನನ್ನ ಮೋಟಾರ್ ಸೈಕಲ್ ಹಿಂದೆ ಕೂತು ಸಿಂದಗಿಗೆ ಬಂದಳು. ಅಲ್ಲಿ ಬೀದಿ ದನಗಳನ್ನು ಕೂಡಿಹಾಕುವ ಕೊಂಡವಾಡದ ಮುಂದೆ ಜನ ಸೇರಿದ್ದರು. ಯಾರೂ ಬಿಡಿಸಿಕೊಳ್ಳದ ಜಾನುವಾರುಗಳ ಲಿಲಾವು, ಅಂದರೆ ಹರಾಜು. ಮೂಲೆಯಲ್ಲಿ ಒಂದು ಬಿಳಿ ಹೆಣ್ಣು ಕುದುರೆ, ಪಕ್ಕೆಲುಬು ಎಣಿಸುವ ಹಾಗೆ ಸೊರಗಿ ನಿಂತಿತ್ತು.

ಇಟ್ಟಂಗಿ ಭಟ್ಟಿಯ ಮಾಲಕನೊಬ್ಬ ಅದರ ಬೆನ್ನು ಒತ್ತಿ ನೋಡಿ, "ಇನ್ನೆರಡ ಸೀಜನ್ ಎಳಿತೈತಿ. ಆಮ್ಯಾಲ ಏನರ ಆಗ್ಲಿ" ಎಂದ. ಸಾಕಲ್ಲ!

"ಯಾವಾಂವಲೇ ಅಂವ, ಏನರ ಆಗ್ಲಿ ಅಂದಾಂವ?" ಎನ್ನುತ್ತ ಅತ್ತೆ ಗುಂಪು ಸೀಳಿಕೊಂಡು ಮುಂದೆ ನಡೆದಳು. ಭಟ್ಟಿಯವ ಒಂದು ಬೆಲೆ ಕೂಗಿದ. ಅತ್ತೆ ಏರಿಸಿದಳು. ಅವನು ಇವಳ ಮುಖ ನೋಡಿ, ಇದು ನಮ್ಮ ಕೈಲಾಗುವ ವ್ಯವಹಾರ ಅಲ್ಲವೆಂದು ಬೀಡಿ ಹಚ್ಚಿಕೊಂಡು ಹಿಂದೆ ಸರಿದ. ಲಿಲಾವು ಕೂಗುವವ "ಒಂದ್ಸಲ" ಎಂದ. ಅತ್ತೆ ಮತ್ತೆ ಏರಿಸಿದಳು. "ಎರಡ್ಸಲ" ಎಂದ. ಮತ್ತೂ ಏರಿಸಿದಳು!

"ಅಕ್ಕಾರ, ಸುಮ್ನಿರ್ರಿ! ನಿಮ್ಮ ಮ್ಯಾಲ ನೀವ ಏರಸಾಕತ್ತೀರಿ!"

"ನೀ ಒಂದ ಸವನ ಕೇಳಾಕತ್ತಿ. ಹೇಳಬಾರದೇನು?"

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಕುದುರೆಯನ್ನು ಟೆಂಪೋದಲ್ಲಿ ಹತ್ತಿಸಿ ಸಾಲೋಟಗಿಗೆ ತಂದೆವು. ಮಾಮಾ ಹೊರಗೆ ಬಂದು ಅದರ ಸುತ್ತ ಒಂದು ಸುತ್ತು ಹಾಕಿ, "ಈ ಎಮ್ಮಿ ಎತ್ತರ ಭಾಳಾತು. ಹಿಂಡಾಕ ಸ್ಟೂಲ ಬೇಕಾಗತೈತಿ" ಎಂದವರೇ ಒಳಗೆ ಹೋದರು.

ಅತ್ತೆ ಅದಕ್ಕೆ ಗೌಡ್ತಿ ಎಂದು ಹೆಸರಿಟ್ಟಳು. ಹುರಳಿ ಬೇಯಿಸಿದ್ದೇನು, ಬೆಲ್ಲ ತಿನ್ನಿಸಿದ್ದೇನು, ಗಾಯಕ್ಕೆ ಅರಿಶಿನ ಹಚ್ಚಿದ್ದೇನು! ನನ್ನ ಬಾಲ್ಯದಲ್ಲಿ ನನಗೆ ಜ್ವರ ಬಂದಾಗಲೂ ಇಷ್ಟು ಉಪಚಾರ ಆಗಿರಲಿಲ್ಲ. ಮೈ ತುಂಬಿಕೊಂಡ ಗೌಡ್ತಿ ಅತ್ತೆಯ ಹೆಗಲ ಮೇಲೆ ಗದ್ದ ಇಟ್ಟು ನಿಲ್ಲುತ್ತಿತ್ತು. ಅತ್ತೆಯ ಬಾಯಲ್ಲಿ ಮಾತ್ರ ಒಂದೇ ಮಾತು: "ಇದನ್ನ ಬೀದಿಗೆ ಬಿಟ್ಟಾವನ್ನ ಹುಡುಕ್ತೇನಿ. ಅವನ ಮನಿ ಮುಂದ ನಿಂತು, ಓಣಿ ಮಂದಿನ್ನ ಕೂಡಿಸಿ, ನೀರ ಇಳಸ್ತೇನಿ!"

ಆದರೆ ಎಲ್ಲಿಯ ಕುದುರೆ, ಯಾರದು? ಸುಳಿವು ಸಿಕ್ಕಿದ್ದು ಮಾಮಾನ ರುಮಾಲಿನಿಂದ. ಮಾಮಾ ರುಮಾಲು ಸುತ್ತಿಕೊಂಡು ಅಂಗಳಕ್ಕೆ ಬಂದರೆ ಸಾಕು, ಗೌಡ್ತಿ ಮೇವು ಬಿಟ್ಟು ಬಂದು ಅವರ ಪಕ್ಕಕ್ಕೆ ಅಡ್ಡಡ್ಡ ನಿಲ್ಲುತ್ತಿತ್ತು. ಹತ್ತಿ ಕೂರಲಿ ಎಂದು ಕಾಯುತ್ತಿತ್ತು. ಮಾಮಾ ಆ ಕಡೆ ಸರಿದರೆ ಅದೂ ಆ ಕಡೆ. ಒಂದು ದಿನ ಹೀಗೇ ನಡೆದಾಗ ಓಣಿಯಲ್ಲಿ ಬ್ಯಾಂಡು ಬಂತು ನೋಡಿ, ಗೌಡ್ತಿ ಕತ್ತು ಕೊಂಕಿಸಿ, ಮೊಣಕಾಲೆತ್ತಿ, ನಿಂತಲ್ಲೇ ಕುಣಿಯತೊಡಗಿತು. ಬ್ಯಾಂಡು ನಿಂತಾಗ ಅದೂ ನಿಂತಿತು.

"ಲಗ್ನದ ಕುದುರೀಲೇ ಇದು!" ಅತ್ತೆ ಚಪ್ಪಾಳೆ ತಟ್ಟಿದಳು.

"ಹಂಗಾರ ಜಲ್ದಿ ಹುಡುಕು," ಎಂದರು ಮಾಮಾ, ಕಂಬದ ಹಿಂದಿನಿಂದ. "ಈ ವಯಸ್ಸಿನ್ಯಾಗ ನನಗ ಇನ್ನೊಂದ ಲಗ್ನ ಮಾಡಿಸೇ ಬಿಡತೈತಿ ಇದು."

ನಾನು ಬುದ್ಧಿವಂತ ನೋಡಿ, ಫೋಟೋ ತೆಗೆದು ಮೊಬೈಲಿನಲ್ಲಿ ಹರಿಬಿಟ್ಟೆ. ಸಂಜೆಯೊಳಗೆ ಕುದುರೆಗೆ ಎಷ್ಟೊಂದು ಮಂದಿ ಮಾಲಕರು! ಅತ್ತೆ ಒಬ್ಬೊಬ್ಬರಿಗೂ ಒಂದೇ ಪ್ರಶ್ನೆ ಕೇಳಿದಳು: "ಯಾವ ಕಿವಿಗೆ ಗುರುತೈತಿ?" ಎಡಗಿವಿಯ ತುದಿ ಕತ್ತರಿಸಿ ಹೋಗಿತ್ತು, ಫೋಟೋದಲ್ಲಿ ಅದು ಕಾಣದ ಹಾಗೆ ಅವಳು ಮೊದಲೇ ಕೈ ಅಡ್ಡ ಹಿಡಿದಿದ್ದಳು. ಒಬ್ಬ ಬಲ ಎಂದ. ಒಬ್ಬ ಎರಡೂ ಎಂದ. ಇನ್ನೊಬ್ಬ, ಕಿವಿಯೇ ಇಲ್ಲದ ಕುದುರೆ ನಮ್ಮದು ಎಂದ! ಬ್ಯಾಂಡಿನವರನ್ನು ಕೇಳಿದರೆ, "ಬಿಳಿ ಕುದುರಿ ಎಲ್ಲಾ ಒಂದ ನಮೂನಿ ಇರ್ತಾವ್ರಿ" ಎಂದರು.

ಆಗ ಅವಳ ತಲೆಗೆ ಹೊಳೆದದ್ದೇ ಆಲ್ಬಮ್. ಮದುವೆ ಕುದುರೆ ಎಂದ ಮೇಲೆ ಯಾರದೋ ಮದುವೆಯ ಫೋಟೋದಲ್ಲಿ ಇರಲೇಬೇಕಲ್ಲ? ಸರಿ, ರವಿವಾರ ಬಂದರೆ ನನ್ನ ಗಾಡಿ ಹೊರಡುತ್ತಿತ್ತು. ಗುರುತಿಲ್ಲ ಪರಿಚಯವಿಲ್ಲ, ಯಾವ ಮನೆ ಮುಂದೆ ಹಂದರ ಹಾಕಿದ ಕುರುಹು ಕಂಡರೂ ಅಲ್ಲಿ ಇಳಿಯುತ್ತಿದ್ದಳು. "ಯವ್ವಾ, ನಿಮ್ಮ ಲಗ್ನದ ಆಲ್ಬಮ್ ತಾ. ಮದುಮಗನ ಮಾರಿ ಬ್ಯಾಡ, ಕುದುರೀ ಮಾರಿ ನೋಡಬೇಕಾಗೈತಿ." ಯಾರೂ ಇಲ್ಲ ಎನ್ನಲಿಲ್ಲ, ನಮ್ಮ ಕಡೆಯ ಮಂದಿ ಅಂಥವರು. ಚಹಾ ಕೊಟ್ಟು, ಆಲ್ಬಮ್ ಕೊಟ್ಟು, ಪಕ್ಕದಲ್ಲೇ ಕೂತು ಇವರು ನಮ್ಮ ಕಾಕಾ, ಇವರು ಸೋದರತ್ತೆ ಎಂದು ಪರಿಚಯಿಸುತ್ತಿದ್ದರು. ಅತ್ತೆಗೆ ಒಂದೇ ಕೊರಗು: "ಫೋಟೋ ತಗಿಯಾವ್ರಿಗಿ ಬುದ್ಧಿನ ಇಲ್ಲ. ಬರೇ ಮನಷ್ಯಾರ್ನ ತಗದಾರ!"

ಬಾಗೇವಾಡಿಯ ಒಂದು ಮನೆಯಲ್ಲಿ ಮಾತ್ರ ಉಪ್ಪಿಟ್ಟಿನ ಜೊತೆ ಶಿರಾ ಬಂತು. ಹಿಂದಿನಿಂದ ಸೀರೆ ಉಟ್ಟ ಹುಡುಗಿಯೂ ಬಂದಳು. ಹಿರಿಯ ಮಗಳ ಆಲ್ಬಮ್ ಕೇಳಿದ್ದಾರೆಂದರೆ ಕಿರಿಯವಳಿಗೆ ವರ ತಂದಿದ್ದಾರೆ ಎಂದುಕೊಂಡಿದ್ದರು! ಮನೆಯ ಯಜಮಾನರು ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿ ಕೇಳಿದರು:

"ಹುಡುಗ ಏನ್ ಮಾಡ್ತಾನ್ರಿ?"

"ಗಾಡಿ ಹೊಡಿತಾನ," ಎಂದಳು ಅತ್ತೆ, ಆಲ್ಬಮ್ಮಿನಿಂದ ತಲೆ ಎತ್ತದೆ.

ಹೈಸ್ಕೂಲ್ ಮಾಸ್ತರ ನಾನು! ಆ ಹುಡುಗಿ ಒಳಗೆ ಹೋದವಳು ಮತ್ತೆ ಹೊರಗೆ ಬರಲಿಲ್ಲ. ಅಂಥ ಸಂಬಂಧ ನನಗೆ ಇನ್ನೂ ಬಂದಿಲ್ಲ, ಇರಲಿ.

ಕೊನೆಗೆ ನಿಡಗುಂದಿಯಲ್ಲಿ ಸಿಕ್ಕಿತು. ಬಾಸಿಂಗ ಕಟ್ಟಿಕೊಂಡ ಮದುಮಗ, ಕೆಳಗೆ ಜರಿ ಹೊದ್ದ ಗೌಡ್ತಿ, ಎಡಗಿವಿಯ ತುದಿ ಇಲ್ಲ. ಪಕ್ಕದಲ್ಲಿ ಲಗಾಮು ಹಿಡಿದ ಒಬ್ಬ ಮುದುಕ. ಅತ್ತೆ ಆ ಪುಟದ ಮೇಲೆ ಕೈ ಇಟ್ಟವಳು ಬಹಳ ಹೊತ್ತು ತೆಗೆಯಲಿಲ್ಲ. "ಮುದ್ದೇಬಿಹಾಳದಾಂವ್ರಿ ಅಂವ," ಎಂದರು ಮನೆಯವರು.

ಮುದ್ದೇಬಿಹಾಳದವರೆಗೂ ಅತ್ತೆ ನನ್ನ ಬೆನ್ನ ಹಿಂದೆ ಬೈಗುಳದ ತಾಲೀಮು ನಡೆಸಿದಳು. ಮುಟ್ಠಾಳ ಮೊದಲು ಬರಬೇಕೋ, ಹೊಟ್ಟ್ಯಾಗ ಕರುಳಿಲ್ಲದಾಂವ ಮೊದಲು ಬರಬೇಕೋ ಎಂದು ನನ್ನನ್ನೇ ಕೇಳಿದಳು. ಊರಂಚಿನ ಮನೆ ಸಿಕ್ಕಿತು. ಸೆರಗು ಬಿಗಿದುಕೊಂಡು ಹೊಸ್ತಿಲಿಗೆ ಬಂದವಳು ಅಲ್ಲೇ ನಿಂತಳು. ಪಡಸಾಲೆಯ ಹೊರಸಿನ ಮೇಲೆ ಫೋಟೋದಲ್ಲಿದ್ದ ಮುದುಕ ಮಲಗಿದ್ದ. ಲಕ್ವಾ ಹೊಡೆದು ಒಂದು ಕೈ, ಒಂದು ಕಾಲು ಸೋತುಹೋಗಿದ್ದವು. ಪಕ್ಕದಲ್ಲಿ ಮಗಳು ಅವನಿಗೆ ಗಂಜಿ ಕುಡಿಸುತ್ತಿದ್ದಳು.

"ಲಗ್ನಕ್ಕ ಕುದುರಿ ಕೇಳಾಕ ಬಂದ್ರೇನ್ರಿ?" ಎಂದಳು ಮಗಳು. "ಈಗಿಲ್ರಿ. ಅಪ್ಪನ್ನ ದವಾಖಾನಿಗಿ ಒಯ್ದಾಗ ಅದು ಹಗ್ಗ ಹರಕೊಂಡು ಹೋತು. ಇವನ್ನ ಹುಡುಕ್ಕೊಂತ ಹ್ವಾದ್ದು ಖರೇ ಅದು. ನಾನೂ ಭಾಳ ತಿರಗಿದ್ನಿರಿ, ಸಿಗಲಿಲ್ಲ. ದಿನಾ ಬಾಗಲಾ ನೋಡ್ತಾನ್ರಿ ಅಪ್ಪ."

ಅವಳು ಚಹಾ ತಂದುಕೊಟ್ಟಳು. ಅತ್ತೆ ಕಪ್ಪು ಹಿಡಿದು ಕೂತಳು. ನಾವು ಯಾರು, ಯಾಕೆ ಬಂದೆವು, ಆ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಲಗ್ನಕ್ಕೆ ಕೇಳಲು ಬಂದಿದ್ದೆವು, ಬರುತ್ತೇವೆ ಎಂದು ಎದ್ದರೆ ಮುಗಿಯಿತು. ಗೌಡ್ತಿ ಜನ್ಮಪೂರ್ತಿ ಅತ್ತೆಯದೇ! ಲೋಕಕ್ಕೆಲ್ಲ ಕೇಳುವ ಹಾಗೆ ಮಾತಾಡುವ ನಮ್ಮತ್ತೆ ಒಂದು ಮಾತಾಡದೆ, ಗುಟುಕು ಗುಟುಕಾಗಿ ಆ ಚಹಾ ಮುಗಿಸಿದಳು. ಕಪ್ಪು ಕೆಳಗಿಟ್ಟು ಹೇಳಿದಳು:

"ನಿಮ್ಮ ಕುದುರಿ ನಮ್ಮನ್ಯಾಗ ಐತಿ, ಯವ್ವಾ. ಆರಾಮ ಐತಿ."

ಮುಂದಿನ ರವಿವಾರ ಟೆಂಪೋದಲ್ಲಿ ಗೌಡ್ತಿಯನ್ನು ಒಯ್ದೆವು. ಜೊತೆಗೆ ಹುರಳಿ ಚೀಲ, ಮೇವಿಗೆ ಜೋಳದ ಕಣಕಿ. ಟೆಂಪೋದ ಬಾಗಿಲು ತೆಗೆದದ್ದೇ ತಡ, ಕುದುರೆ ಜಿಗಿದು, ಯಾರನ್ನೂ ನೋಡದೆ ಸೀದಾ ಪಡಸಾಲೆಗೆ ನುಗ್ಗಿ ಮುದುಕನ ಸೋತ ಕೈಗೆ ಮೂತಿ ಒತ್ತಿತು. ಮುದುಕನ ಕಣ್ಣಲ್ಲಿ ನೀರು ಬಂತು. "ಇನ್ನ ಮ್ಯಾಲ ಲಗಾಮ ನಾನ ಹಿಡದು ಲಗ್ನಕ್ಕ ಹೊಕ್ಕೇನ್ರಿ," ಎಂದಳು ಮಗಳು. "ಹೋಗವಾ. ಮೇವ ಕಡಿಮಿ ಬಿದ್ರ ಹೇಳು, ಕಳಸ್ತೇನಿ," ಎಂದಳು ಅತ್ತೆ. ಹಣದ ಮಾತು ತೆಗೆಯಲು ಬಿಡಲಿಲ್ಲ.

ಹಿಂದಿರುಗುವಾಗ ಅತ್ತೆ ಡ್ರೈವರ್ ಪಕ್ಕ ಕೂರದೆ ಹಿಂದೆ ಹತ್ತಿದಳು, ಗೌಡ್ತಿ ನಿಂತು ಬಂದ ಹುಲ್ಲಿನ ಮೇಲೆ. ನಾನೂ ಹತ್ತಿದೆ. ಊರು ದಾಟಿದ ಮೇಲೆ ನೋಡಿದರೆ ಅವಳು ಅಳುತ್ತಿದ್ದಳು. ನನ್ನ ಜನ್ಮದಲ್ಲಿ ಅವಳು ಅತ್ತದ್ದನ್ನು ನಾನು ನೋಡಿರಲಿಲ್ಲ.

"ಹೊಳ್ಳಿ ಸೈತ ನೋಡಲಿಲ್ಲೋ ನನ್ನ ಕಡಿ," ಎಂದಳು. "ಚಲೋ ಆತು. ಹಂಗ ಇರಬೇಕು." ಮೂಗು ಒರೆಸಿಕೊಂಡು, "ಒಂದೊಂದ ಆಲ್ಬಮ್ ತಗಿಯಾಗೂ ಯಪ್ಪಾ ಬಸವಣ್ಣ, ಇದರಾಗ ಇರಬಾರದು, ಇದರಾಗ ಇರಬಾರದು ಅಂತ ಬೇಡಕೋತಿದ್ನಿ" ಎಂದಳು.

"ಅಷ್ಟ ಇದ್ರ ಮತ್ತ್ಯಾಕ ಹುಡುಕಿದಿ, ಅತ್ತಿ?"

"ಹುಚ್ಚಪ್ಪ, ಯಾರೋ ಬಾಗಲಾ ನೋಡ್ಕೊಂತ ಕುಂತಿದ್ರ?"