ಕೆಳಬಾಣ ಒತ್ತುವ ಮರ್ಯಾದೆ

ಹೊನ್ನಾವರದ ನನ್ನ ಮೊಬೈಲ್ ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿಗೆ ನಾನೊಂದು ಆನ್‌ಲೈನ್ ವೇದಿಕೆ ನೋಡಿಕೊಳ್ಳುತ್ತೇನೆ. ಭಟ್ಕಳದಿಂದ ಕುಮಟಾದವರೆಗಿನ ಜನ ಅಲ್ಲಿ ಮನೆಮಟ್ಟಿನ ಪ್ರಶ್ನೆ ಕೇಳುತ್ತಾರೆ, ಗೊತ್ತಿದ್ದವರು ಉತ್ತರ ಬರೆಯುತ್ತಾರೆ. ಉತ್ತರ ಸರಿ ಅನ್ನಿಸಿದರೆ ಮೇಲ್ಬಾಣ, ತಪ್ಪೆನ್ನಿಸಿದರೆ ಕೆಳಬಾಣ. ‘ಕೆಳಬಾಣ ಒತ್ತಿದವರು ಮರ್ಯಾದೆಯಿಂದ ಕಾರಣ ತಿಳಿಸಬೇಕು’ ಎಂದು ಒಂದೇ ಒಂದು ನಿಯಮ ಹಾಕಿದ್ದೆ. ನಮ್ಮವರು ಅದನ್ನು ಪಾಲಿಸುವ ಪರಿ ಕಂಡು ಇವತ್ತಿಗೂ ಬೆರಗಾಗುತ್ತಲೇ ಇರುತ್ತೇನೆ.

ಫೋನು

ಕಪ್ಪು ಬಟ್ಟೆಯ ಬೂಸ್ಟು ಹೋಗಿಸಲು ಬ್ಲೀಚಿಂಗ್ ಪುಡಿ ಹಚ್ಚಿ ಎಂದು ಕಾಗಾಲದ ರೈತರೊಬ್ಬರು ಬರೆದಿದ್ದರು. ಭಟ್ಕಳದ ಟೈಲರ್ ಸಾಹೇಬರು ಅದನ್ನು ಓದಿ ಕಂಗಾಲು. ಆದರೂ ಏಕಾಏಕಿ ಒತ್ತುವುದು ಹೇಗೆ? ವೇದಿಕೆಯಲ್ಲಿ ಕೊಟ್ಟಿದ್ದ ನಂಬರಿಗೆ ಫೋನು ಮಾಡಿದರು.

“ನಿಮ್ಮ ಉತ್ತರಕ್ಕೆ ಕೆಳಬಾಣ ಒತ್ತಬೇಕು ಅಂತ ಮಾಡಿದ್ದೇನೆ. ಈಗ ಅಡ್ಡಿಲ್ವಾ?”

“ಈಗ ಊಟಕ್ಕೆ ಕೂತಿದ್ದೆ ಮಾರಾಯ್ರೆ.”

ಸಾಹೇಬರು ಕಾದರು. ಮತ್ತೆ ಫೋನು ಮಾಡಿ, “ಊಟ ಆತಾ?” ಎಂದು ಕೇಳಿ, ಕೈ ತೊಳೆದದ್ದು ಖಾತ್ರಿ ಮಾಡಿಕೊಂಡು, “ಕಪ್ಪು ಬಟ್ಟೆ ಬೆಳ್ಳಗಾಗ್ತದೆ” ಎಂದು ಕಾರಣ ತಿಳಿಸಿ ಒತ್ತಿದರು.

ಕೆಳಬಾಣದ ಪೆಟ್ಟು ತಿಂದ ರೈತರೇ ನನಗಿದನ್ನು ಹೇಳಿದ್ದು. “ಎಂತಾ ಮನುಷ್ಯ! ನಮ್ಮ ಬೀಗರೂ ಹೀಗೆ ವಿಚಾರಿಸೂದಿಲ್ಲ.”

ಸ್ವಂತಕ್ಕೆ

ಸಂತೆಗುಳಿಯ ಭಟ್ಟರೊಬ್ಬರು ಯಾರದೋ ಪಂಪಿನ ಪ್ರಶ್ನೆಗೆ, “ಮೋಟರು ಸುಟ್ಟಿದೆ, ಬದಲಿಸಿ” ಎಂದು ಬರೆದಿದ್ದರು. ಮರುವಾರ ಅವರದೇ ಪಂಪು ಹಾಗೇ ಕೈಕೊಟ್ಟಿತು. ಬಿಚ್ಚಿ ನೋಡಿದರೆ ಪೈಪಿನ ಬಾಯಿಗೆ ಹಲಸಿನ ಎಲೆ ಸಿಕ್ಕಿಕೊಂಡಿತ್ತು, ಅಷ್ಟೇ. ತಮ್ಮ ಉತ್ತರಕ್ಕೆ ತಾವೇ ಕೆಳಬಾಣ ಒತ್ತಲು ಹೋದರು. ವೇದಿಕೆ ಒಪ್ಪಲಿಲ್ಲ. ಹೆಂಡತಿಯನ್ನು ಕರೆದರು.

“ಆನು ತಪ್ಪು ಬರದ್ದಿ. ನೀನೊಂದು ಕೆಳಬಾಣ ಒತ್ತು.”

ಆಕೆ ಸೆರಗಿಗೆ ಕೈ ಒರೆಸಿಕೊಂಡು ಬಂದು, ಅದೇ ಫೋನಿನಲ್ಲಿ ತಮ್ಮ ಹೆಸರಿನ ಖಾತೆ ತೆರೆದು ಒತ್ತಿದರು. ಫೋನು ವಾಪಸು ಕೊಡದೆ ಕೇಳಿದರು: “ನಿಮ್ಮ ಹಳೇದೆಲ್ಲ ಇಲ್ಲೇ ಇದ್ದು. ಅದಕ್ಕೂ ಒತ್ಲಾ?”

ಕಾರಣ

ಕುಮಟಾದಲ್ಲಿ ಒಬ್ಬ ನಿವೃತ್ತ ಬಸ್ ಡ್ರೈವರು. ಹೆಂಡತಿ ಮಗಳ ಬಾಣಂತನಕ್ಕೆ ಹೋಗಿದ್ದರಿಂದ ಒಲೆಯ ಮುಂದೆ ಒಂಟಿ. ಆ ಹುರುಪಿನಲ್ಲಿ ಬರೆದರು: “ಬಂಗಡೆ ಮೀನಿನ ಸಾರಿಗೆ ಒಂದು ಅಚ್ಚು ಬೆಲ್ಲ ಹಾಕಿ.”

ನಮ್ಮೂರಿನ ಮೀನು ಮಾರುವ ಅಕ್ಕ ಅಂಗಡಿಗೆ ಬಂದರು. “ತಂಗೀ, ನಾ ಕೆಳಬಾಣ ಒತ್ತಿಬಿಟ್ಟೆ. ಕಾರಣ ಬರೀಬೇಕಲೆ? ನಂಗೆ ಬರಿಯೂಕೆ ಬರೂದಿಲ್ಲ.”

“ಹೇಳಿ ಅಕ್ಕಾ, ನಾನು ಬರೀತೆ.”

“ಇದು ಬಾಯಲ್ಲಿ ಹೇಳೂದಲ್ಲ,” ಎಂದು ಹೊರಟೇಬಿಟ್ಟರು.

ಮರುದಿನ ಬಂಗಡೆ ಸಾರು ಮಾಡಿ, ಡಬ್ಬಿಯಲ್ಲಿ ತುಂಬಿ, ಬಸ್ಸು ಹತ್ತಿ ಕುಮಟಾಕ್ಕೆ ಹೋದರು. ಆ ಡ್ರೈವರ ಬಸ್ಸಿನಲ್ಲೇ ವರ್ಷಗಟ್ಟಲೆ ಬುಟ್ಟಿ ಹೊತ್ತು ಓಡಾಡಿದವರು, ಮನೆ ಗೊತ್ತಿತ್ತು. ಜಗಲಿಯ ಮೇಲೆ ಡಬ್ಬಿ ಇಟ್ಟು, “ಅಣ್ಣಾ, ಕಾರಣ ತಂದಿದ್ದೆ” ಎಂದರಂತೆ.

ಡ್ರೈವರು ಉಂಡರು. ಸಂಜೆಗೆ ತಮ್ಮ ಉತ್ತರ ಅಳಿಸಿ, “ಕಾರಣ ಮನವರಿಕೆಯಾಗಿದೆ” ಎಂದು ಬರೆದರು. ಒಂದು ಡಬ್ಬಿ ಸಾರಿನಿಂದ ಒಬ್ಬ ಹಟಮಾರಿ ಮನುಷ್ಯ ತಪ್ಪು ಒಪ್ಪಿಕೊಂಡದ್ದು ನೋಡಿ ನನ್ನ ಕಣ್ಣು ಒದ್ದೆಯಾಯಿತು.

ಮರುದಿನ ಬೆಳಿಗ್ಗೆ ಅವರದೇ ಹೊಸ ಬರಹ ಬಂತು: “ಏಡಿ ಸುಕ್ಕಾ ಒಣಗದಂತೆ ಕೊನೆಯಲ್ಲಿ ಎರಡು ಲೋಟ ಹಾಲು ಹೊಯ್ಯಬೇಕು. ತಪ್ಪಿದ್ದರೆ ದಯವಿಟ್ಟು ಕೆಳಬಾಣ ಒತ್ತಿ. ಮಧ್ಯಾಹ್ನ ಮನೆಯಲ್ಲೇ ಇರುತ್ತೇನೆ.”